ಬೋರರ್ ಸಾಕಿದ ಅತ್ತೆ

ನಮ್ಮ ಅತ್ತೆ ಕೂತಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ. ನಾನಂತೂ ಕಂಡಿಲ್ಲ. ಅವರ ಮದುವೆಯ ಫೋಟೋದಲ್ಲಿ ಕೂಡ ಮಾವ ಕುರ್ಚಿಯಲ್ಲಿ ಕೂತಿದ್ದಾರೆ, ಅತ್ತೆ ಪಕ್ಕದಲ್ಲಿ ನಿಂತಿದ್ದಾರೆ. ಆ ಕಾಲದ ಫೋಟೋಗಳೆಲ್ಲ ಹಾಗೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ ಸ್ವಾಮಿ, ಇದರಲ್ಲಿ ಎರಡು ಕುರ್ಚಿ ಇದೆ! ಒಂದು ಖಾಲಿ. ಅದರ ಬೆನ್ನಿಗೆ ಕೈ ಊರಿಕೊಂಡು ಅತ್ತೆ ಕ್ಯಾಮೆರಾ ಬಿಟ್ಟು ಎಡಗಡೆ ಎಲ್ಲೋ ನೋಡುತ್ತಿದ್ದಾರೆ. ಫೋಟೋದವನು ಮುಗೀತು ಎನ್ನುವುದನ್ನೇ ಕಾಯುತ್ತಿರುವ ಹಾಗಿದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಯಸಳೂರಿನಿಂದ ಸ್ವಲ್ಪ ಆಚೆ ಅವರದು ನಾಲ್ಕು ಎಕರೆ ಅರೇಬಿಕಾ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಮಾವನೂ ಇದ್ದಾರೆ, ಆದರೆ ಜಗಲಿಯಲ್ಲಿದ್ದಾರೆ. ಆ ಮನೆಯ ಪಾಲಿಗೆ ಬಂದ ಕೂರುವ ಕೆಲಸವನ್ನೆಲ್ಲ ಅವರೊಬ್ಬರೇ ನಿಭಾಯಿಸಿಕೊಂಡು ಬಂದಿದ್ದಾರೆ, ಯಾವತ್ತೂ ಬೇಸರ ಪಟ್ಟುಕೊಂಡವರಲ್ಲ.

ಯಸಳೂರಿನಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಅತ್ತೆ ಕಂಬಿ ಹಿಡಿದು ನಿಂತೇ ಹೋಗುತ್ತಾರೆ. ಕೂತರೆ ರಸ್ತೆ ಪಕ್ಕದ ತೋಟಗಳು ಸರಿಯಾಗಿ ಕಾಣುವುದಿಲ್ಲವಂತೆ. ಒಮ್ಮೆ ನಾನೂ ಜೊತೆಗಿದ್ದೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ, "ನಿಲ್ಸಪ್ಪಾ, ನಿಲ್ಸು ನಿಲ್ಸು!" ಎಂದು ಕೂಗಿಕೊಂಡರು. ಯಾರೋ ಬಿದ್ದರೆಂದು ಗಾಬರಿಯಾದ ಡ್ರೈವರ್ ಬ್ರೇಕ್ ಹಾಕಿದ. ಅತ್ತೆ ಇಳಿದು, ಯಾರದೋ ಬೇಲಿ ದಾಟಿ, ಹಳದಿಗೆ ತಿರುಗಿದ ಒಂದು ಕಾಫಿ ಗಿಡದ ಕಾಂಡ ಸವರಿ ನೋಡಿ, ಆ ಮನೆ ಯಜಮಾನರನ್ನು ಕೂಗಿ ಕರೆದು, "ನಿಮ್ ತೋಟಕ್ಕೆ ಬೋರರ್ ಬಂದೈತೆ ಕಣ್ರೀ, ಇವತ್ತೇ ಕಿತ್ತು ಸುಡಿ" ಎಂದು ಹೇಳಿ ವಾಪಸು ಬಂದು ಹತ್ತಿದರು. ಅಂದಿನಿಂದ ಆ ಕಂಡಕ್ಟರ್ ಅತ್ತೆಯನ್ನು ಯಾವ ಊರಿಗೆ ಎಂದು ಕೇಳುವುದನ್ನೇ ಬಿಟ್ಟಿದ್ದಾನೆ. "ಅಮ್ಮಾ, ಇವತ್ತು ಯಾರ್ ತೋಟದ್ ಗಂಟ ಕೊಡ್ಲಿ ಟಿಕೆಟು?" ಎನ್ನುತ್ತಾನೆ.

ಕಾಫಿ ಬೆಳೆಯದವರಿಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳು. ಉದ್ದ ಮೀಸೆಯ ಒಂದು ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ, ಹುಳು ಕಾಂಡದೊಳಗೇ ತಿಂದುಕೊಂಡು ಬೆಳೆಯುತ್ತದೆ, ಗಿಡ ಹಳದಿಯಾಗಿ ಸೊರಗಿ ಸಾಯುತ್ತದೆ. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲೊಮ್ಮೆ ಸೆಪ್ಟೆಂಬರ್‌ನಲ್ಲೊಮ್ಮೆ, ದುಂಬಿ ಹಾರುವುದಕ್ಕೆ ಮೊದಲು ಸಾಲು ಸಾಲಾಗಿ ನಡೆದು, ಕಾಂಡ ಸವರಿ, ಉಬ್ಬು ಸಿಕ್ಕ ಗಿಡವನ್ನು ಬುಡಸಮೇತ ಕಿತ್ತು ಅಂದೇ ಸುಡಬೇಕು. ಒಂದು ಗಿಡವನ್ನು ಬಿಟ್ಟರೂ ಅದು ಪಕ್ಕದ ಗಿಡಕ್ಕೆ, ಅಲ್ಲಿಂದ ಪಕ್ಕದ ತೋಟಕ್ಕೆ ಹತ್ತುತ್ತದೆ. ಎಲ್ಲರೂ ವರ್ಷಕ್ಕೆ ಎರಡು ಸಲ ಮಾಡುವ ಈ ಕೆಲಸವನ್ನು ನಮ್ಮ ಅತ್ತೆ ದಿನಕ್ಕೆ ಎರಡು ಸಲ ಮಾಡುತ್ತಾರೆ.

ಅವರ ಅಂಗೈ ಇದರಲ್ಲಿ ಎಷ್ಟು ಪಳಗಿದೆ ಎಂದರೆ, ಮರ ಎನ್ನುವುದು ಯಾವ ರೂಪದಲ್ಲಿ ಎದುರಿಗೆ ಬಂದರೂ ಸವರದೆ ಬಿಡುವುದಿಲ್ಲ. ನಮ್ಮಣ್ಣನಿಗೆ ಹೆಣ್ಣು ನೋಡಲು ಆನೇಮಹಲ್ ಕಡೆ ಒಂದು ಮನೆಗೆ ಹೋಗಿದ್ದೆವು. ಎಲ್ಲರೂ ಒಳಗೆ ಹೋಗಿ ಕೂತರೆ ಅತ್ತೆ ಹೊಸಿಲಲ್ಲೇ ನಿಂತು ಬಾಗಿಲುವಾಡ ಸವರುತ್ತಿದ್ದರು. ಹುಡುಗಿ ಉಪ್ಪಿಟ್ಟು ತಂದಿಟ್ಟಾಗ, "ಇದ್ರೊಳಗೆ ಹುಳ ಐತೆ ಕಣ್ರೀ" ಎಂದುಬಿಟ್ಟರು. ಅದು ಬಾಗಿಲಿನ ಮಾತು ಎಂದು ಆ ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಂಬಂಧ ಮುರಿದಿತ್ತು. ಆರು ತಿಂಗಳಾದ ಮೇಲೆ ಬಾಗಿಲು ಬಿತ್ತು ಎಂದು ಆ ಮನೆಯವರೇ ಫೋನ್ ಮಾಡಿ ತಿಳಿಸಿದರು!

ಇಂಥ ಅತ್ತೆಯ ಕೈಗೆ ನನ್ನ ಸಂಶೋಧನೆ ಸಿಕ್ಕಿದ್ದು ಹೇಗೆ ಎನ್ನುವುದನ್ನು ಈಗ ಹೇಳಬೇಕು.

ನಾನಾಗ ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೆ. ನಮ್ಮ ಪ್ರಾಣಿಶಾಸ್ತ್ರದ ಮೇಡಂ ಒಂದು ದಿನ, "ಒಳ್ಳೆ ಕಡೆ ಎಂ.ಎಸ್ಸಿ. ಸೀಟು ಬೇಕು ಅಂದ್ರೆ ಬರೀ ಅಂಕ ಸಾಲಲ್ಲಮ್ಮ. ಡಿಗ್ರಿಯಲ್ಲಿ ಇರುವಾಗಲೇ ಎಲ್ಲಾದರೂ ಸಂಶೋಧನೆ ಮಾಡಿರಬೇಕು, ಮಾಡಿಸಿದವರು ಒಂದು ಪತ್ರ ಬರೆದುಕೊಡಬೇಕು" ಎಂದರು. ಎಲ್ಲಾದರೂ ಎಂದರೆ ಎಲ್ಲಿ? ನಮ್ಮ ಲ್ಯಾಬಿನಲ್ಲಿ ಇದ್ದದ್ದು ಮೂರು ಮೈಕ್ರೋಸ್ಕೋಪು. ಎರಡರಲ್ಲಿ ಏನೂ ಕಾಣುತ್ತಿರಲಿಲ್ಲ. ಮೂರನೆಯದರಲ್ಲಿ ಏನಿಟ್ಟರೂ ಈರುಳ್ಳಿ ಸಿಪ್ಪೆಯೇ ಕಾಣುತ್ತಿತ್ತು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ರಜೆಗೆ ನಮ್ಮಂಥವರನ್ನು ಸೇರಿಸಿಕೊಳ್ಳುವ ಪ್ರಾಧ್ಯಾಪಕರು ಇರುತ್ತಾರೆ, ಇಮೇಲ್ ಬರೆ ಎಂದರು ಮೇಡಂ. ಬರೆದೆ. ಒಂದಲ್ಲ ಎರಡಲ್ಲ, ನಲವತ್ತೊಂದು ಬರೆದೆ! ಒಬ್ಬರು ವಿದೇಶದಲ್ಲಿದ್ದೇನೆ ಎಂದು ಯಂತ್ರದ ಕೈಯಲ್ಲಿ ಉತ್ತರ ಕೊಡಿಸಿದರು. ಒಬ್ಬರು ನಿಮ್ಮ ಆಸಕ್ತಿಗೆ ಅಭಿನಂದನೆ ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸಿದರು. ಉಳಿದವರು ನನ್ನ ಇಮೇಲನ್ನು ಓದಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಕೊಯ್ಲಿನ ಸಮಯದಲ್ಲಿ ಅತ್ತೆ ಮನೆಗೆ ಹೋದಾಗ ಈ ಸಂಗತಿ ಹೇಳಿದೆ. ಅತ್ತೆ ಹಣ್ಣು ಹರವುತ್ತಿದ್ದವರು ಅರ್ಧಕ್ಕೇ ನಿಂತರು.

"ನಲವತ್ತೊಂದು ಜನಕ್ಕಾ? ಮನೆಗೆ ಹೋಗಿ ಕೇಳಿದ್ರೆ ಇಷ್ಟೊತ್ಗೆ ನಲವತ್ತೊಂದು ಲೋಟ ಕಾಫಿನಾದ್ರೂ ಕೊಟ್ಟಿರೋರು."

ನಲವತ್ತೆರಡನೆಯವರು ಉತ್ತರ ಬರೆದರು. ಫೆಬ್ರವರಿಯಲ್ಲಿ. ಕೀಟಗಳ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕರು. ಎಂಟು ವಾರ ಬರಬಹುದು, ಹಾಸ್ಟೆಲ್ ಕೊಡುತ್ತೇವೆ, ಊಟದ ಖರ್ಚಿಗೆ ಸ್ವಲ್ಪ ಹಣವೂ ಇದೆ ಎಂದಿತ್ತು. ಆ ಭಾನುವಾರ ಅತ್ತೆ ಮನೆಗೆ ಹೋಗಿದ್ದೆ. ಅಲ್ಲಿ ಕಣದ ಮೂಲೆಯಲ್ಲಿ ಮಾತ್ರ ಇಂಟರ್‌ನೆಟ್ ಸಿಗುತ್ತಿದ್ದುದರಿಂದ ನಾನು ಅಲ್ಲೇ ನಿಂತು ಅತ್ತೆಗೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಕೊನೆಯ ಸಾಲು ಹೀಗಿತ್ತು: ಇದೆಲ್ಲವೂ ಅನುದಾನದ ಬಿಡುಗಡೆಗೆ ಒಳಪಟ್ಟಿರುತ್ತದೆ.

"ಹಂಗಂದ್ರೆ?"

"ದುಡ್ಡು ಬಂದ್ರೆ ಅಂತ."

"ದುಡ್ಡು ಯಾರ್ ಕೊಡ್ಬೇಕು?"

"ಸರ್ಕಾರ."

"ಹಂಗಾರೆ ಇನ್ನೊಂದ್ ನಲವತ್ ಜನಕ್ಕೆ ಬರ್ದಿಕ್ಕು ಮಗಾ" ಎಂದರು ಅತ್ತೆ.

ಆಮೇಲೆ ಶುರುವಾಯಿತು ನೋಡಿ ಕಾಯುವ ಕೆಲಸ! ದಿನಾ ಬೆಳಗ್ಗೆ ಐದೂವರೆಗೆ ಹಾಸ್ಟೆಲಿನ ಮಂಚದ ಮೇಲೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ಬಂತಾ?" ಅಷ್ಟೇ. ಸರ್ಕಾರದ ಅನುದಾನ ಬೆಳಗಿನ ಐದೂವರೆಗೆ ಹಾಲಿನವನ ಹಾಗೆ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಹಿಂದಿನಿಂದ ಮಾವನ ದನಿ ಕೇಳಿಸುತ್ತಿತ್ತು, "ಬರೋದಿದ್ರೆ ಬತ್ತದೆ, ಮಲಗಕ್ ಬುಡೆ ಆ ಮಗೀನ." ಅದಕ್ಕೆ ಅತ್ತೆ, "ಕಾಯ್ಕಂಡು ಕೂತ್ಕಳಕೆ ನಾನೇನ್ ನೀವಾ?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಚಡಪಡಿಕೆ ನನಗೂ ಅಂಟಿತ್ತು. ಪಾಠ ಕೇಳುವಾಗ, ಊಟ ಮಾಡುವಾಗ, ಹಲ್ಲುಜ್ಜುವಾಗ ಕೂಡ ಫೋನ್ ತೆಗೆದು ನೋಡುತ್ತಿದ್ದೆ. ಜೊತೆಯ ಹುಡುಗಿಯರು ನನಗೆ ಯಾರೋ ಗಂಟುಬಿದ್ದಿದ್ದಾರೆ ಎಂದು ಮಾತಾಡಿಕೊಂಡರು. ಯಾರೋ ಒಬ್ಬ ಹುಡುಗನಾಗಿದ್ದರೆ ಎಷ್ಟೋ ವಾಸಿಯಿತ್ತು!

ಮಾರ್ಚ್ ಮೊದಲ ವಾರ ಇಮೇಲ್ ಬಂತು. ಈ ವರ್ಷದ ಅನುದಾನ ಬಿಡುಗಡೆಯಾಗಿಲ್ಲ, ಬೇಸಿಗೆ ಕಾರ್ಯಕ್ರಮ ತಡೆಹಿಡಿಯಲಾಗಿದೆ, ವಿಷಾದಿಸುತ್ತೇವೆ. ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮರುದಿನ ಐದೂವರೆಗೆ ಫೋನ್ ಬಂದಾಗ ಹೇಳಿದೆ. ಆ ಕಡೆಯಿಂದ ಸಮಾಧಾನದ ಮಾತೇನೂ ಬರಲಿಲ್ಲ.

"ವಿಷಾದ ಅಂದವ್ರೆ ತಾನೇ? ಇಲ್ಲ ಅಂದಿಲ್ವಲ್ಲ. ನಡಿ, ಹೋಗಿ ಕೇಳ್ಕಂಡ್ ಬರಾನ."

ಹೋದೆವು. ಅತ್ತೆಯ ಹೆಗಲ ಮೇಲೆ ಒಂದು ಗೋಣಿಚೀಲವಿತ್ತು. ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲಿನವನು ಅದರಲ್ಲೇನಿದೆ ಎಂದು ಕೇಳಿದ. "ಸೌದೆ" ಎಂದರು ಅತ್ತೆ. ಯಾಕೆ ಎಂದ. "ಮೇಷ್ಟ್ರಿಗೆ" ಎಂದರು. ವಿಶ್ವವಿದ್ಯಾಲಯದಲ್ಲಿ ದುಡ್ಡಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತೋ ಏನೋ, ಮರುಮಾತಾಡದೆ ಒಳಗೆ ಬಿಟ್ಟ.

ಪ್ರಾಧ್ಯಾಪಕರು ಸಣ್ಣ ಮೈಕಟ್ಟಿನ, ದಣಿದ ಕಣ್ಣಿನ ಮನುಷ್ಯ. ನನ್ನನ್ನು ಗುರುತು ಹಿಡಿದು ಮುಜುಗರಪಟ್ಟರು. "ಕೂತ್ಕೊಳ್ಳಿ ಅಮ್ಮಾ" ಎಂದು ಕುರ್ಚಿ ತೋರಿಸಿದರು. ಅತ್ತೆ ಕೂರುತ್ತಾರೆಯೇ? ಹೆಂಗಸು ನಿಂತಿರುವಾಗ ತಾವು ಕೂರುವುದು ಹೇಗೆಂದು ಅವರೂ ಎದ್ದು ನಿಂತರು. ಅವರಿಬ್ಬರೂ ನಿಂತಿರುವಾಗ ನಾನು ಕೂರಲಾದೀತೇ? ಮೂರು ಕುರ್ಚಿಗಳ ಆ ಕೋಣೆಯಲ್ಲಿ ಮೂವರೂ ಒಂದು ಗಂಟೆ ನಿಂತೇ ಮಾತಾಡಿದೆವು. ಬಾಗಿಲಲ್ಲಿ ಇಣುಕಿದ ಗುಮಾಸ್ತರು ಯಾರೋ ತೀರಿಕೊಂಡರೆಂದು ತಿಳಿದು, ತಾವೂ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತು ಹೋದರು.

"ಮಂಜೂರಾಗಿದೆ ಅಮ್ಮಾ, ಕಾಗದದ ಮೇಲೆ ಮಂಜೂರಾಗಿದೆ" ಎಂದರು ಪ್ರಾಧ್ಯಾಪಕರು. "ಹಣ ಬಂದಿಲ್ಲ. ಯಾವಾಗ ಬರುತ್ತೆ ಅಂತ ನನಗೂ ಗೊತ್ತಿಲ್ಲ. ನನ್ನ ಹತ್ತಿರ ಪಿ.ಎಚ್‌.ಡಿ. ಮಾಡೋ ಮಕ್ಕಳಿಗೇ ನಾಲ್ಕು ತಿಂಗಳಿಂದ ಏನೂ ಕೊಟ್ಟಿಲ್ಲ. ಇನ್ನು ಈ ಹುಡುಗಿಗೆ ಹಾಸ್ಟೆಲ್ ಹೇಗೆ ಕೊಡಿಸಲಿ?"

ಅತ್ತೆಯ ಕೈ ಆಗಲೇ ಗೋಡೆ ಪಕ್ಕದ ಮರದ ಬೀರುವನ್ನು ಸವರುತ್ತಿತ್ತು. "ಸಾ, ಇದ್ರಲ್ಲೂ ಅವೆ" ಎಂದರು. ಬೀರುವಿನಲ್ಲಿದ್ದದ್ದು ವಿಭಾಗದ ಇಪ್ಪತ್ತು ವರ್ಷದ ಕೀಟಗಳ ಸಂಗ್ರಹ. "ಹೌದಮ್ಮಾ, ಅದರಲ್ಲಿ ಹುಳ ಇವೆ, ನಾವೇ ಇಟ್ಟಿರೋದು" ಎಂದರು ಅವರು. "ನೀವ್ ಇಟ್ಟಿರವಲ್ಲ ಸಾ. ತಾವಾಗೇ ಬಂದಿರವು" ಎಂದು ಅತ್ತೆ ಬೀರುವಿನ ಕಾಲಿನ ಹತ್ತಿರದ ಹುಡಿ ತೋರಿಸಿದರು. ಪ್ರಾಧ್ಯಾಪಕರು ಮಂಡಿಯೂರಿ ನೋಡಿ ಹಣೆ ಚಚ್ಚಿಕೊಂಡರು. ಕೀಟಶಾಸ್ತ್ರದ ಬೀರುವನ್ನೇ ಕೀಟ ತಿನ್ನುತ್ತಿತ್ತು.

ಆಮೇಲೆ ಅತ್ತೆ ಗೋಣಿಚೀಲದಿಂದ ಬೋರರ್ ಹಿಡಿದ ಒಂದು ಕಾಂಡ ತೆಗೆದು, ಮೇಜಿನ ಮೇಲಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಸೊಂಟದ ಕತ್ತಿಯಿಂದ ಸೀಳಿದರು. ಕಾವಲಿನವನು ಚೀಲ ಕೇಳಿದ್ದನೇ ಹೊರತು ಸೊಂಟ ನೋಡಿರಲಿಲ್ಲ. ಒಳಗಿನ ಸುರಂಗದಲ್ಲಿ ಬಿಳಿ ಹುಳು ಮೈಮುರಿಯುತ್ತಿತ್ತು. ಪ್ರಾಧ್ಯಾಪಕರ ದಣಿದ ಕಣ್ಣು ಅಗಲವಾಯಿತು. "ಇಂಥವು ನಿಮ್ಮ ಕಡೆ ಎಷ್ಟು ಸಿಗುತ್ತವೆ?" ಎಂದು ಕೇಳಿದರು. "ಬ್ಯಾಡ ಅಂದಷ್ಟೂ ಸಿಕ್ತವೆ" ಎಂದರು ಅತ್ತೆ.

ಅಲ್ಲಿಯೇ ನನ್ನ ಸಂಶೋಧನೆ ಹುಟ್ಟಿತು. ನೆರಳು ಹೆಚ್ಚಿರುವ ತೋಟದ ಕಾಂಡದಿಂದ ದುಂಬಿ ಮೊದಲು ಹೊರಬರುತ್ತದೋ, ಬಿಸಿಲಿನ ತೋಟದ ಕಾಂಡದಿಂದಲೋ? ಕಾಂಡಗಳನ್ನು ಬಲೆಯೊಳಗಿಟ್ಟು ದಿನಾ ನೋಡಿ ಬರೆದುಕೊಳ್ಳಬೇಕು. ಚೆನ್ನಾಗಿ ಮಾಡಿದರೆ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಓದಿಸುತ್ತೇನೆ, ಎಂ.ಎಸ್ಸಿ.ಗೆ ಪತ್ರ ಬರೆದುಕೊಡುತ್ತೇನೆ ಎಂದರು. "ಇದಕ್ಕೆ ಅನುದಾನ ಬೇಡ. ಬಲೆ ಬೇಕು, ತಾಳ್ಮೆ ಬೇಕು, ಅಷ್ಟೇ."

"ಬಲೆ ಐತೆ ಸಾ" ಎಂದರು ಅತ್ತೆ. ಇನ್ನೊಂದರ ವಿಷಯ ಎತ್ತಲಿಲ್ಲ.

ನಮ್ಮ ಮನೆ ಇರುವುದು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆ. ನಮ್ಮದು ಜೋಳ, ಶುಂಠಿ, ಅಂಗೈ ಅಗಲ ರೋಬಸ್ಟಾ ಕಾಫಿ. ರೋಬಸ್ಟಾವನ್ನು ಬೋರರ್ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಕಾಫಿ ಮೂಟೆ ಇಡುವ ಅತ್ತೆಯ ಸ್ಟೋರೇ ನನ್ನ ಪ್ರಯೋಗಾಲಯವಾಯಿತು. ಆದರೆ ಕಾಂಡಗಳು ಬೇರೆ ಬೇರೆ ತೋಟದವಾಗಬೇಕಲ್ಲ? ಇಲ್ಲಿತ್ತು ತೊಂದರೆ. ನಮ್ಮ ಕಡೆ ಯಾವ ಬೆಳೆಗಾರನೂ ತನ್ನ ತೋಟದಲ್ಲಿ ಬೋರರ್ ಇದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಗಿಡ ಕಿತ್ತು ಸುಡುವಾಗ ಕೂಡ ಹೊಗೆ ಯಾವುದು ಎಂದು ಕೇಳಿದರೆ ತರಗೆಲೆ ಎನ್ನುತ್ತಾರೆ. ಅತ್ತೆ ಇದಕ್ಕೊಂದು ಉಪಾಯ ಕಂಡುಕೊಂಡರು. ಮನೆ ಮನೆಗೆ ಹೋಗಿ ಅಂಗಳದಲ್ಲಿ ನಿಂತು, "ನಿಮ್ ತೋಟ್ದಲ್ಲಿ ಬೋರರ್ ಇಲ್ಲ ಅಂತ ನಂಗೊತ್ತು ಕಣಪ್ಪಾ. ಇಲ್ದೆ ಇರೋದ್ರಲ್ಲೇ ಒಂದ್ ನಾಕ್ ಕಾಂಡ ಕೊಡು, ಹುಡ್ಗಿ ಓದಿಗೆ" ಎನ್ನುತ್ತಿದ್ದರು. ಒಂದೇ ವಾರದಲ್ಲಿ, ಎಲ್ಲೂ ಇಲ್ಲದ ಬೋರರಿನ ಅರವತ್ತು ಕಾಂಡ ಸ್ಟೋರಿಗೆ ಬಂದವು!

ಬಲೆಗೆಂದು ಮಾವನ ಸೊಳ್ಳೆಪರದೆ ಕತ್ತರಿಸಿದೆವು. ಮಾವ ಆ ಬೇಸಿಗೆಯಿಡೀ ಮೈ ಕೆರೆದುಕೊಂಡೇ ಕಳೆದರು. ಒಂದೊಂದು ಕಾಂಡಕ್ಕೆ ಒಂದೊಂದು ಚೀಲ, ಅದಕ್ಕೊಂದು ನಂಬರು. ರಜೆ ಶುರುವಾದ ಮೇಲೆ ನಾನು ಅಲ್ಲೇ ಉಳಿದೆ. ಏಪ್ರಿಲಿನ ಮೊದಲ ಮಳೆ ಬಿದ್ದ ಮೇಲೆ ದುಂಬಿಗಳು ಒಂದೊಂದಾಗಿ ಹೊರಬಿದ್ದವು. ಕಾಂಡದಲ್ಲಿ ದುಂಡನೆ ತೂತು, ಪರದೆಗೆ ಅಂಟಿಕೊಂಡು ಮೀಸೆ ತಿರುವುತ್ತಿರುವ ದುಂಬಿ. ನನಗೆ ಹಬ್ಬ. ಅತ್ತೆಗೆ ಮಾತ್ರ ನರಕ. ಅವರು ಜೀವಮಾನವೆಲ್ಲ ಕಂಡಲ್ಲಿ ಕೊಂದ ಹುಳುವನ್ನು ಈಗ ಸ್ವಂತ ಸ್ಟೋರಿನಲ್ಲಿ ಸಾಕಬೇಕು! ಗಂಟೆಗೊಮ್ಮೆ ಬಂದು ಅರವತ್ತು ಚೀಲದ ಗಂಟನ್ನೂ ಎಳೆದು ನೋಡುತ್ತಿದ್ದರು. ಊಟದ ತಟ್ಟೆ ಹಿಡಿದುಕೊಂಡೇ ಬರುತ್ತಿದ್ದರು. "ಇವತ್ತಿಗೆ ಸಾಕಾಗ್ಲಿಲ್ವೇನೆ? ಎಷ್ಟ್ ದಿನ ಅಂತ ನೋಡ್ತೀಯ ಇವುನ್ನ?" ಎಂದು ಕೇಳುತ್ತಿದ್ದರು. ಜೂನ್ ತನಕ ಅತ್ತೆ, ಎನ್ನುತ್ತಿದ್ದೆ. ಅವರು ಉಗುಳು ನುಂಗಿಕೊಂಡು ಹೋಗುತ್ತಿದ್ದರು.

ಹತ್ತೊಂಬತ್ತು ದಿನದ ಲೆಕ್ಕ ಪುಸ್ತಕದಲ್ಲಿತ್ತು. ಬಿಸಿಲಿನ ತೋಟದ ಕಾಂಡಗಳು ಮುಂದಿವೆ ಎಂದು ಕಾಣತೊಡಗಿತ್ತು. ಪ್ರಾಧ್ಯಾಪಕರು ಫೋನಿನಲ್ಲಿ ಕೇಳಿ, ಭಲೇ ಎಂದಿದ್ದರು. ಅಷ್ಟರಲ್ಲಿ ಮುಂದೂಡಿದ್ದ ಪ್ರಾಯೋಗಿಕ ಪರೀಕ್ಷೆ ಎಂದು ನಾನು ಮೂರು ದಿನ ಹಾಸನಕ್ಕೆ ಹೋಗಬೇಕಾಯಿತು. ಹೇಗೆ ಬರೆದುಕೊಳ್ಳಬೇಕು ಎಂದು ಅತ್ತೆಗೆ ಹೇಳಿಕೊಟ್ಟು ಹೊರಟೆ.

ವಾಪಸು ಬಂದಾಗ ಸ್ಟೋರು ಖಾಲಿ. ಗುಡಿಸಿ, ನೀರು ಹಾಕಿ ತೊಳೆದಿತ್ತು. ಕಣದ ಮೂಲೆಯಲ್ಲಿ ಬೂದಿ.

"ಅತ್ತೆ, ಕಾಂಡ ಎಲ್ಲಿ?"

ಅತ್ತೆ ಕಣದ ನಡುವೆ ನಿಂತಿದ್ದರು. "ಒಂದ್ ಚೀಲ ಹರಿದೋಗಿತ್ತು ಕಣೆ. ದುಂಬಿ ಹೊರಗ್ ಬಂದ್ಬುಟ್ಟಿತ್ತು. ಗೋಡೆ ಮೇಲೆ ಕೂತ್ಕಂಡು ಮೀಸೆ ಅಲ್ಲಾಡುಸ್ತಿತ್ತು."

"ಅದೊಂದನ್ನ ಹಿಡೀಬೋದಿತ್ತಲ್ಲ!"

"ಹಿಡ್ದೆ. ಆಮೇಲೆ ಕೈ ನಿಲ್ಲಲಿಲ್ಲ."

ಕೈ ನಿಲ್ಲಲಿಲ್ಲವಂತೆ! ಹತ್ತೇ ನಿಮಿಷದಲ್ಲಿ ಅರವತ್ತೂ ಕಾಂಡ ಎಳೆದು ತಂದು ಬೆಂಕಿ ಹಚ್ಚಿದ್ದರು. ಬೋರರ್ ಕಂಡರೆ ಸುಡುವುದು, ಸುಟ್ಟ ಮೇಲೆ ಯೋಚಿಸುವುದು, ನಮ್ಮ ಕಡೆಯ ಪದ್ಧತಿಯೇ ಅದು. ಮಾವ ಜಗಲಿಯಿಂದ ಎದ್ದು ಓಡಿ ಬರುವಷ್ಟರಲ್ಲಿ ಮುಗಿದಿತ್ತಂತೆ. ಮಾವ ಓಡಿದರು ಎನ್ನುವುದೇ ದೊಡ್ಡ ಸುದ್ದಿ, ಆದರೆ ಆಗ ನನಗೆ ನಗು ಬರಲಿಲ್ಲ. ಅನ್ನಬಾರದ್ದನ್ನು ಅಂದೆ. "ನಿಮ್ಮ ನಾಲ್ಕು ಎಕರೆ ಮಾತ್ರ ದೊಡ್ಡದು ನಿಮಗೆ. ನನ್ನ ಜೀವನ ಏನಾದರೇನು! ಇನ್ನು ಈ ಮನೆಗೆ ಬರಲ್ಲ" ಎಂದೆ. ಅತ್ತೆ ಬೂದಿಯನ್ನು ಕಾಲಿನಿಂದ ಒಂದು ಕಡೆ ಸರಿಸುತ್ತಾ ನಿಂತಿದ್ದರು. ನಾನು ಚೀಲ ತೆಗೆದುಕೊಂಡು ಬಂದ ಬಸ್ಸಿಗೇ ವಾಪಸು ಹೊರಟುಬಿಟ್ಟೆ.

ಪ್ರಾಧ್ಯಾಪಕರಿಗೆ ಹೇಳಲು ಹೋದೆ. ಅವರು ಮೊದಲು ಜೋರಾಗಿ ನಕ್ಕರು, ಆಮೇಲೆ ನನ್ನ ಮುಖ ನೋಡಿ ಕ್ಷಮೆ ಕೇಳಿದರು. "ಹತ್ತೊಂಬತ್ತು ದಿನದ್ದು ನಿಜ, ಅದನ್ನು ಇಟ್ಟುಕೋ. ಉಳಿದದ್ದನ್ನು ಊಹಿಸಿ ತುಂಬಬೇಡ. ಸುಟ್ಟಿದ್ದನ್ನೂ ಬರೆ" ಎಂದರು. "ಆದರೆ ಇಷ್ಟಕ್ಕೇ ನಾನು ಪತ್ರ ಬರೆಯೋಕಾಗಲ್ಲಮ್ಮ. ಅಕ್ಟೋಬರಿನಲ್ಲಿ ಮತ್ತೆ ದುಂಬಿ ಹಾರುತ್ತಲ್ಲ, ಇನ್ನೊಂದು ಸುತ್ತು ಮಾಡು." ಅನುದಾನ ಏನಾಯಿತು ಸಾರ್ ಎಂದು ಕೇಳಿದೆ. ಈ ವರ್ಷ ಇಲ್ಲ ಎಂದು ತಿಳಿಸಿದ್ದಾರೆ, ಮುಂದಿನ ವರ್ಷದ್ದು ಮುಂದಿನ ವರ್ಷ ತಿಳಿಸುತ್ತಾರಂತೆ ಎಂದರು.

ಇನ್ನೊಂದು ಸುತ್ತು ಎಂದರೆ ಮತ್ತೆ ಅದೇ ತೋಟ, ಅದೇ ಅತ್ತೆ. ನಾನು ಬರಲ್ಲ ಎಂದು ಬಂದವಳು. ಬೇರೆ ಊರಿನ ಬೆಳೆಗಾರರ ನಂಬರು ಹುಡುಕಿ ಫೋನ್ ಮಾಡಿದೆ. ಎಲ್ಲರ ತೋಟವೂ ಆರೋಗ್ಯವಾಗಿತ್ತು! ಮತ್ತೆ ಇಮೇಲ್ ಬರೆಯಲು ಕೂತೆ, ಮತ್ತೆ ಉತ್ತರವಿಲ್ಲ. ಕೊನೆಯ ವರ್ಷ ಶುರುವಾಯಿತು. ಡಿಸೆಂಬರಿಗೆ ಎಂ.ಎಸ್ಸಿ. ಅರ್ಜಿ ಹಾಕಬೇಕು, ಕೈಯಲ್ಲಿ ಹತ್ತೊಂಬತ್ತು ದಿನ ಬಿಟ್ಟರೆ ಏನೂ ಇಲ್ಲ. ಐದೂವರೆಯ ಫೋನ್ ನಿಂತುಹೋಗಿತ್ತು. ಆದರೂ ಆ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು, ಎದ್ದು ಕಾರಿಡಾರಿನಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಿದ್ದೆ. ಅತ್ತೆ ನೆನಪಾಗುತ್ತಿದ್ದರು. ಸಿಟ್ಟು ಇಳಿದು ಎಷ್ಟೋ ದಿನವಾಗಿತ್ತು, ಉಳಿದಿದ್ದದ್ದು ನಾಚಿಕೆ. ಫೋನ್ ಮಾಡಲು ಆ ನಾಚಿಕೆಯೇ ಅಡ್ಡ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಫೋನ್ ಬಂತು. ಅತ್ತೆಯದಲ್ಲ, ಮಾವನದು. ಜೀವನದಲ್ಲಿ ಯಾರಿಗೂ ತಾವಾಗಿ ಫೋನ್ ಮಾಡಿದವರಲ್ಲ ಅವರು.

"ಮಗಾ, ಶನಿವಾರ ಒಂದ್ಸಲ ಬಂದೋಗು. ನಿಮ್ಮತ್ತೆ ತ್ವಾಟದಲ್ಲಿ ಏನೋ ಮಾಡಿಕ್ಕವ್ಳೆ. ನಂಗ್ ನೋಡಕಾಗ್ತಿಲ್ಲ."

ಶನಿವಾರದವರೆಗೆ ಕಾಯಲಿಲ್ಲ, ಮರುದಿನವೇ ಹೋದೆ. ಮಾವ ಜಗಲಿಯಿಂದಲೇ ತೋಟದ ಕಡೆ ಕೈ ತೋರಿಸಿದರು. ಇಳಿದು ಹೋದೆ. ಬೋರರ್ ಹುಡುಕುವ ಕೆಲಸ ಮುಗಿದಿತ್ತು, ಗಿಡ ಕಿತ್ತ ಜಾಗಗಳಲ್ಲಿ ಮಣ್ಣು ಹಸಿಯಾಗಿತ್ತು. ಆದರೆ ನಡುವಿನ ಎರಡು ಸಾಲಿನಲ್ಲಿ, ಒಂದು ಮರದ ನೆರಳಿನದು, ಇನ್ನೊಂದು ಬಿಸಿಲಿನದು, ಎಲೆ ಹಳದಿಯಾದ ಹದಿನಾಲ್ಕು ಗಿಡಗಳು ಹಾಗೇ ನಿಂತಿದ್ದವು. ಒಂದೊಂದರ ಕಾಂಡಕ್ಕೂ ಹೊಸ ಸೊಳ್ಳೆಪರದೆ ಎರಡು ಮಡಿಕೆ ಸುತ್ತಿ, ಮೇಲೆ ಕೆಳಗೆ ಬಿಗಿಯಾಗಿ ಹೊಲಿದಿತ್ತು. ಡಬ್ಬದ ತಗಡು ಕತ್ತರಿಸಿ, ಮೊಳೆಯಲ್ಲಿ ಕೊರೆದ ನಂಬರು ತೂಗುತ್ತಿದ್ದವು.

ಅತ್ತೆ ಸಾಲಿನ ಆ ತುದಿಯಲ್ಲಿದ್ದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಬಂದ್ಯಾ? ಇವು ಹದ್ನಾಕು. ಬ್ಯಾರೆಲ್ಲ ಕಿತ್ತೆ, ಇವುನ್ನ ಕಿತ್ತಿಲ್ಲ. ನಿಂದ್ ಮುಗಿಯಗಂಟ ಕೀಳಲ್ಲ."

ಬೋರರ್ ಗಿಡವನ್ನು ಒಂದು ದಿನವೂ ತೋಟದಲ್ಲಿ ಬಿಡಲಾಗದ ಹೆಂಗಸು! ಅದೂ ತನ್ನ ಒಳ್ಳೆಯ ಗಿಡಗಳ ನಟ್ಟನಡುವೆ.

"ಅತ್ತೆ, ಪರದೆ ಎಲ್ಲಾದ್ರೂ ಹರಿದರೆ? ಪಕ್ಕದ ಗಿಡಕ್ಕೆಲ್ಲ ಹತ್ತುತ್ತೆ."

"ಹತ್ಲಿ ಬುಡು."

"ಊರಿನವರು ನೋಡಿದ್ರೆ ಏನಂತಾರೆ?"

"ಅನ್ನೋದೇನು, ನಾನೇ ಹೋಗಿ ಹೇಳ್ಬಂದೆ. ನಂ ತ್ವಾಟಕ್ಕೆ ಬೋರರ್ ಬಂದೈತೆ, ಈ ಸಲ ಕೀಳಲ್ಲ, ನಿಮ್ ಗಿಡ ಹುಷಾರು ಅಂತ ಎಲ್ರ ಮನೇಗೂ ಹೇಳೀನಿ."

ನನ್ನ ಒಂದು ಪತ್ರಕ್ಕಾಗಿ ಅತ್ತೆ ಊರೆಲ್ಲ ತಿರುಗಿ, ಯಾವ ಬೆಳೆಗಾರನೂ ಆಡದ ಮಾತನ್ನು ಆಡಿ ಬಂದಿದ್ದರು. "ಅವತ್ತು ನಾನು ಹಂಗೆಲ್ಲ ಅನ್ನಬಾರದಿತ್ತು ಅತ್ತೆ" ಎಂದೆ. ಅತ್ತೆ ಗದ್ದದಲ್ಲೇ ತಮ್ಮ ಹಿಂದಿನ ಗಿಡ ತೋರಿಸಿ, "ಮೂರ್ನೇದ್ರಲ್ಲಿ ಎರಡು ಹುಳ ಅವೆ, ಅದ್ನ ಮೊದ್ಲು ಬರ್ಕ" ಎಂದರು.

ಆ ಗಿಡ ನೋಡಲು ಅವರ ಬೆನ್ನ ಹಿಂದೆ ಹೋದೆ. ಆಗ ಕಂಡಿತು. ಸೆರಗಿನ ತುದಿಯನ್ನು ಎರಡೂ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿತ್ತು. ಒಬ್ಬರೇ ಹಾಕಿಕೊಳ್ಳಲಾಗದ ಗಂಟು.

"ಇದೇನತ್ತೆ?"

"ಈ ಸಾಲಿಗ್ ಬರುವಾಗ ನಿಮ್ ಮಾವನ್ ಕೈಲಿ ದಿನಾ ಕಟ್ಟುಸ್ಕಂಡ್ ಬತ್ತೀನಿ" ಎಂದರು ಅತ್ತೆ. "ಇಲ್ದಿದ್ರೆ ಕೈ ನಿಲ್ಲಲ್ಲ ಕಣೆ."